ಕೂಳೂರಿನ ದುಂಡು ಗೋಡೆ

ರಸ್ತೆ, ಪೈಪ್‌ಲೈನ್, ದೊಡ್ಡ ಕಟ್ಟಡ ಇವುಗಳಿಗೆ ನೆಲ ಅಗೆಯುವ ಮೊದಲು, ಆ ನೆಲದಲ್ಲಿ ಹಳೆಯ ಕಾಲದ್ದೇನಾದರೂ ಉಳಿದಿದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. ಇದನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ವಿವರಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಅರ್ಧ ಕೇಳಿಸಿಕೊಂಡವರು "ಓ, ವಾಸ್ತು ನೋಡುವುದಾ?" ಅನ್ನುತ್ತಿದ್ದರು. ಪೂರ್ತಿ ಕೇಳಿಸಿಕೊಂಡವರು ದನಿ ತಗ್ಗಿಸಿ, "ಬಂಗಾರ ಎಂತಾದರೂ ಸಿಕ್ಕಿದ್ದು ಉಂಟಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ನಂಬುತ್ತಿರಲಿಲ್ಲ. ಸಿಕ್ಕಿದ್ದರೆ ಈ ಬಾಯಮ್ಮ (ನಮ್ಮಲ್ಲಿ ಕ್ರಿಶ್ಚನ್ ಹೆಂಗಸರನ್ನು ಕರೆಯುವುದು ಹೀಗೆ) ಬಸ್ಸಿನಲ್ಲಿ ಯಾಕೆ ಹೋಗುತ್ತಿದ್ದರು ಎಂದು ಯಾರೂ ಯೋಚಿಸಲಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ನನಗಿಂತ ಹೆಚ್ಚು ಓದಿದವರು. ಅವರ ಕೈಯಲ್ಲಿ ನಾನು ಹೆಸರು ಕೇಳದ ಯಂತ್ರಗಳಿವೆ. ಅವರಿಗೆ ಕಲಿಸುವಷ್ಟು ನನ್ನಲ್ಲಿ ಏನೂ ಇಲ್ಲ. ಆದರೆ ನೆಲದ ಕೆಳಗಿರುವುದನ್ನು ಹುಡುಕುವವರಿಗೆ ನೆಲದ ಮೇಲಿರುವವರಿಂದ ಏನೇನು ಕಾದಿರುತ್ತದೆ ಎಂಬುದು ಯಾವ ತರಗತಿಯಲ್ಲೂ ಸಿಗುವುದಿಲ್ಲ. ಅದನ್ನಷ್ಟೇ ಹೇಳುತ್ತೇನೆ.

ನಮ್ಮದು ಕೊಟ್ಟಾರದ ಒಂದು ಕಟ್ಟಡದ ಮಾಳಿಗೆಯಲ್ಲಿದ್ದ ಸಣ್ಣ ಖಾಸಗಿ ಸಂಸ್ಥೆ. ಕೆಳಗೆ ಟಯರ್ ಅಂಗಡಿ, ಮೇಲೆ ಚರಿತ್ರೆ. ನಮ್ಮ ಮುಖ್ಯಸ್ಥರು ಭಟ್ಟರು. ಶಾಸನ ಓದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಆದರೆ ಬಿಸಿಲಿಗೂ ಅವರಿಗೂ ಆಗಿ ಬರುತ್ತಿರಲಿಲ್ಲ. ಸ್ಥಳಕ್ಕೆ ಬಂದರೆ ಕಾರಿನ ಗಾಜು ಅರ್ಧ ಇಳಿಸಿ, ಜಾಗವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿ, "ಇಲ್ಲಿ ಎಂತದ್ದೂ ಇಲ್ಲ ಹಿಲ್ಡಾ ಬಾಯಿ" ಎಂದು ಗಾಜು ಏರಿಸುತ್ತಿದ್ದರು. ನಾನು ನಾಲ್ಕು ದಿನ ಮುಳ್ಳಿನ ಪೊದೆಗಳಲ್ಲಿ ನುಗ್ಗಿ, ಕಾಲಿಗೆ ಉಣ್ಣಿ ಕಚ್ಚಿಸಿಕೊಂಡು ನೋಡಿ ಬಂದರೂ ಹೆಚ್ಚಿನ ಸಲ ಅಲ್ಲಿ ಎಂತದ್ದೂ ಇರುತ್ತಿರಲಿಲ್ಲ. ಇದು ನನಗೆ ಭಟ್ಟರ ಮೇಲೆ ಸಿಟ್ಟು ಬರಲು ಇದ್ದ ಮುಖ್ಯ ಕಾರಣ.

ಒಮ್ಮೆ ಮಾತ್ರ ಅವರನ್ನು ಸೋಲಿಸಿದೆ ಎಂದುಕೊಂಡೆ. ನಂತೂರಿನ ಹತ್ತಿರ ರಸ್ತೆ ಅಗಲ ಮಾಡಲು ಗುರುತಿಸಿದ ಒಂದು ಹಿತ್ತಲಿನಲ್ಲಿ, ಪೊದೆ ಸವರಿದಾಗ ಮುರಕಲ್ಲು ಎನ್ನುವ ನಮ್ಮ ಕೆಂಪು ಕಲ್ಲುಗಳ ಅಚ್ಚುಕಟ್ಟಾದ ವೃತ್ತ ಕಾಣಿಸಿತು. ಕಲ್ಲಿನ ಮೇಲೆ ಪಾಚಿ, ನಡುವೆ ದೊಡ್ಡ ಮರದ ಬೇರು. ಎರಡು ಸಾವಿರ ವರ್ಷಗಳ ಹಿಂದಿನ ಸಮಾಧಿಯ ಶಿಲಾವೃತ್ತ ಎಂದು ಅಲ್ಲೇ ತೀರ್ಮಾನಿಸಿದೆ. ಟ್ರಕ್ಕುಗಳ ಗದ್ದಲದ ನಡುವೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಕಲ್ಲನ್ನೂ ಅಳೆದು ಚಿತ್ರ ಬರೆದೆ. ಮನೆಯ ಹೆಂಗಸು ಮಜ್ಜಿಗೆ ತಂದುಕೊಟ್ಟು, ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದರು:

"ಅದು ಎಂತಕ್ಕೆ ಅಳೆಯುವುದು? ನಮ್ಮ ಮಾವ ನೀರಿನ ಟಾಂಕಿ ಕಟ್ಟಿಸ್ತೇನೆ ಅಂತ ಹೊರಟದ್ದು. ಅಷ್ಟರಲ್ಲಿ ನಳ್ಳಿ ಬಂತು."

ಭಟ್ಟರು ಈ ಸುದ್ದಿ ಕೇಳಿ ನಗಲಿಲ್ಲ. ನಕ್ಕಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಆಮೇಲೆ ವರ್ಷಗಟ್ಟಲೆ, ಆಫೀಸಿನ ನಲ್ಲಿಯಲ್ಲಿ ನೀರು ನಿಂತಾಗಲೆಲ್ಲ, "ಹಿಲ್ಡಾ ಬಾಯಿ, ಶಿಲಾಯುಗದ ಟಾಂಕಿಯಲ್ಲಿ ನೀರುಂಟಾ ನೋಡಿ" ಎನ್ನುತ್ತಿದ್ದರು.

ಯಂತ್ರಗಳು ಬಂದದ್ದು ಅದರ ನಂತರ. ನಾನು ಸೇರಿದಾಗ ಹಗ್ಗ, ಟೇಪು, ದಿಕ್ಸೂಚಿ, ಒಂದು ಕತ್ತಿ ಇಷ್ಟೇ. ಆಮೇಲೆ ಜಿಪಿಎಸ್ ಬಂತು, ಡ್ರೋನ್ ಬಂತು. ಡ್ರೋನ್ ಮೊದಲ ದಿನವೇ ಒಬ್ಬರ ತಾರಸಿಯ ಮೇಲೆ ಒಣಗಲು ಹಾಕಿದ ಮೀನನ್ನು ಬಹಳ ಸ್ಪಷ್ಟವಾಗಿ ಚಿತ್ರೀಕರಿಸಿತು. ಆ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ನೆಲದೊಳಗೆ ಅಲೆ ಕಳಿಸಿ ನೋಡುವ ರಾಡಾರ್ ಬಂದಾಗ ಗುತ್ತಿಗೆದಾರರೆಲ್ಲ ನಮ್ಮನ್ನು ಗೌರವದಿಂದ ನೋಡತೊಡಗಿದರು. ಹುಲ್ಲು ಕತ್ತರಿಸುವ ಗಾಡಿಯಂತಿದ್ದ ಅದನ್ನು ನಮ್ಮ ಕೆಂಪು ಮಣ್ಣಿನ ಮೇಲೆ ಬಿಸಿಲಲ್ಲಿ ತಳ್ಳಿ ತಳ್ಳಿ ಕೊನೆಗೆ ಪರದೆಯ ಮೇಲೆ ಒಂದು ಉದ್ದ ಗೆರೆ ಕಂಡಿತು. ಹಳೆಯ ಕೋಟೆಯ ಅಡಿಪಾಯ ಎಂದು ಸಂಭ್ರಮಿಸಿ ಅಗೆದೆವು. ಕೊಟ್ಟಾರದಿಂದ ಅತ್ತ ಕಡೆ ಸಂಜೆಯವರೆಗೆ ಯಾರ ಮನೆಯಲ್ಲೂ ಇಂಟರ್‌ನೆಟ್ ಇರಲಿಲ್ಲ.

ಈಗ ಕೂಳೂರಿನ ವಿಷಯ. ಇಷ್ಟು ವರ್ಷಗಳ ಕೆಲಸದಲ್ಲಿ ನನ್ನನ್ನು ಈಗಲೂ ಬಿಡದೆ ಕಾಡುವುದು ಅದೊಂದೇ.

ಕೂಳೂರು ಸೇತುವೆಯ ಹತ್ತಿರ, ಹೆದ್ದಾರಿಗೆ ತಾಗಿ, ಹೊಳೆಯ ಬದಿಯಲ್ಲಿ ಒಂದು ಜಾಗ ಇಬ್ಬರ ಪಾಲುದಾರಿಕೆಯಲ್ಲಿತ್ತು. ಒಬ್ಬರು ಇಬ್ರಾಹಿಂ ಹಾಜಿ. ಬಂದರಿನಲ್ಲಿ ಅಜ್ಜನ ಕಾಲದಿಂದ ಸಾಂಬಾರ ಸಾಮಾನಿನ ವ್ಯಾಪಾರ, ಮಕ್ಕಳು ಗಲ್ಫಿನಲ್ಲಿ. ಇನ್ನೊಬ್ಬರು ಜಗನ್ನಾಥ ಶೆಟ್ಟರು, ಎರಡು ಹೋಟೆಲುಗಳ ಮಾಲೀಕರು. ಇವರ ತಂದೆಯರು ಒಂದೇ ಲಾರಿಯನ್ನು ಇಬ್ಬರೂ ಸೇರಿ ಕೊಂಡು ವ್ಯಾಪಾರ ಶುರು ಮಾಡಿದ್ದರಂತೆ. ಈಗ ಇವರಿಬ್ಬರೂ ಸೇರಿ ಅಲ್ಲೊಂದು ದೊಡ್ಡ ಪಾರ್ಟಿ ಹಾಲ್ ಕಟ್ಟಲು ಹೊರಟಿದ್ದರು. ನೆಲ ಮಟ್ಟ ಮಾಡುತ್ತಿದ್ದಾಗ ಜೆಸಿಬಿಯ ಹಲ್ಲಿಗೆ ಮುರಕಲ್ಲಿನ ಗೋಡೆ ತಾಗಿತು. ಮಣ್ಣು ಸರಿಸಿದರೆ ಗೋಡೆ ದುಂಡಗಿತ್ತು, ಆಳೆತ್ತರಕ್ಕಿಂತ ಹೆಚ್ಚು ಆಳಕ್ಕೆ ಇಳಿದಿತ್ತು. ಬುಡದಲ್ಲಿ ಕಮಾನಿನಂಥ ಮೂರು ಸಣ್ಣ ಬಾಗಿಲುಗಳು.

ಇಬ್ಬರೂ ಒಳ್ಳೆಯ ನಾಗರಿಕರಂತೆ ಕೆಲಸ ನಿಲ್ಲಿಸಿ ನಮಗೆ ಫೋನ್ ಮಾಡಿದರು. ಜೆಸಿಬಿಯ ಡ್ರೈವರ್ ಕೂಡ ಒಳ್ಳೆಯ ನಾಗರಿಕನಂತೆ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದ.

ನಾನು ಬಸ್ಸಿಳಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಗೋಡೆಗೆ ಎರಡು ಚರಿತ್ರೆಗಳು ತಯಾರಾಗಿದ್ದವು. ಹೆದ್ದಾರಿಯ ಈಚೆ ನಿಂತವರಿಗೆ ಅದು ಹೂತುಹೋದ ದೇವಸ್ಥಾನದ ಗರ್ಭಗುಡಿ. ಅವರಲ್ಲಿ ಒಬ್ಬರು ಸೇವಂತಿಗೆಯ ಹಾರ ಹಿಡಿದುಕೊಂಡಿದ್ದರು. ಆಚೆ ನಿಂತವರಿಗೆ ಅದು ಹಡಗಿನಲ್ಲಿ ಬಂದ ಒಬ್ಬ ಸಂತರ ದರ್ಗಾ. ಅವರಲ್ಲಿ ಒಬ್ಬರ ಕೈಯಲ್ಲಿ ಹಸಿರು ಬಟ್ಟೆಯಿತ್ತು. ಇನ್ನೂ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಸುಮ್ಮನೆ ನಿಂತಿದ್ದರು. ನಮ್ಮ ಊರನ್ನು ಬಲ್ಲವರಿಗೆ ಆ ಸುಮ್ಮನಿರುವುದೇ ಹೆದರಿಕೆ. ನಡುವೆ ಒಂದು ಪೊಲೀಸ್ ಜೀಪು. ಇನ್‌ಸ್ಪೆಕ್ಟರ್ ನನ್ನ ಗುರುತಿನ ಚೀಟಿ ನೋಡಿ, "ಎಷ್ಟು ಹೊತ್ತಲ್ಲಿ ಹೇಳ್ತೀರಿ ಮೇಡಂ?" ಎಂದರು, ಡಾಕ್ಟರನ್ನು ಕೇಳುವಂತೆ.

ಇಬ್ಬರು ಕೆಲಸದವರನ್ನು ಕರೆದುಕೊಂಡು ಗೋಡೆಯ ಒಳಗೆ ಇಳಿದೆ. ಮೇಲಿನ ಸಡಿಲ ಮಣ್ಣು ತೆಗೆಯುವಷ್ಟರಲ್ಲಿ ಹಾಜಿಗಳು ಅಂಚಿಗೆ ಬಂದು, ಒಂದು ನಿಮಿಷ ಮಾತಾಡಲಿಕ್ಕುಂಟು ಎಂದು ಕರೆದರು. ಎ.ಸಿ. ಹಾಕಿದ ಕಾರಿನಲ್ಲಿ ಕೂರಿಸಿ, ನೀರು ಕೊಟ್ಟು, ಬಾಗಿಲು ಹಾಕಿಕೊಂಡರು.

"ಬಾಯಮ್ಮ, ನಾನು ಐದು ಹೊತ್ತು ನಮಾಜು ತಪ್ಪಿಸುವವನಲ್ಲ. ಅಲ್ಲಾಹನಿಗೆ ಗೊತ್ತುಂಟು. ಆದ್ರೆ ಅದು ದರ್ಗಾ ಅಂತ ಮಾತ್ರ ಬರೀಬೇಡಿ ಮಾರಾಯ್ರೆ."

"ದರ್ಗಾ ಆಗಿದ್ರೆ?"

"ಆಗಿದ್ರೆ ನಾನು ಅಲ್ಲಿ ಹಾಲ್ ಕಟ್ಟಲಿಕ್ಕುಂಟಾ? ಆ ಜಾಗ ಬಿಟ್ಟುಕೊಡಬೇಕು. ಶೆಟ್ರ ಪಾಲನ್ನೂ ನಾನೇ ಕೊಂಡು ಬಿಟ್ಟುಕೊಡಬೇಕು. ಶೆಟ್ರ ದೇವಸ್ಥಾನ ಆದ್ರೆ ನನಗೆ ಎಂತ ಬೇಜಾರೂ ಇಲ್ಲ."

ಗುಂಡಿಗೆ ಮರಳಿ ಅರ್ಧ ಗಂಟೆಯೂ ಆಗಿರಲಿಲ್ಲ, ಶೆಟ್ಟರು ಚಹಾ ತರಿಸಿ ಬದಿಗೆ ಕರೆದರು.

"ನೋಡಿ ಬಾಯಮ್ಮ, ನನಗೆ ದೈವದೇವರ ಮೇಲೆ ಭಕ್ತಿ ಇಲ್ಲ ಅಂತ ಯಾರೂ ಹೇಳಲಿಕ್ಕಿಲ್ಲ. ಆದ್ರೆ ಅದು ದೇವಸ್ಥಾನ ಅಂತ ಆದ್ರೆ ಸಂಜೆಯೊಳಗೆ ಜೀರ್ಣೋದ್ಧಾರ ಸಮಿತಿ ಆಗ್ತದೆ. ಅಧ್ಯಕ್ಷ ಯಾರು? ನಾನು. ಬ್ರಹ್ಮಕಲಶ ಮಾಡಿಸುವುದು ಯಾರು? ನಾನು. ಹಾಲ್ ಹೋಯ್ತು, ಮತ್ತೆ ಹೋಟೆಲ್ ಕೂಡ ಹೋಗ್ತದೆ." ಸುತ್ತ ನೋಡಿ ದನಿ ತಗ್ಗಿಸಿದರು. "ಹಾಜಿಗಳ ಕಡೆ ಬ್ಯಾರಿಗಳದ್ದು ಎಂತಾದರೂ ಆದ್ರೆ ಒಳ್ಳೆದಿತ್ತು."

ಹೊರಗೆ ನಿಂತವರು ಅದು ತಮ್ಮದು ಎನ್ನುತ್ತಿದ್ದರು. ಜಾಗದ ಮಾಲೀಕರು ಮಾತ್ರ ಅದನ್ನು ಒಬ್ಬರಿಗೊಬ್ಬರು ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು. ಇಬ್ಬರ ಕಡೆಗೂ ಸೇರದ ಕ್ರಿಶ್ಚನ್ ಹೆಂಗಸು ಬಂದದ್ದು ಒಳ್ಳೆಯದಾಯಿತು, ಯಾವ ಪಕ್ಷಪಾತವೂ ಇರುವುದಿಲ್ಲ ಎಂದು ಇನ್‌ಸ್ಪೆಕ್ಟರ್ ನೆಮ್ಮದಿಯಲ್ಲಿದ್ದರು. ಮಧ್ಯಾಹ್ನ ನನ್ನ ಅತ್ತೆ ಫೋನ್ ಮಾಡಿದರು. ಅವರಿಗೂ ಫೋಟೋ ತಲುಪಿತ್ತು. "ಹಿಲ್ಡಾ, ಸರಿಯಾಗಿ ನೋಡು. ಕಮಾನು ಉಂಟಲ್ಲ, ಅದು ಇಗರ್ಜಿಯೇ, ಹಳೆಯ ಚರ್ಚು."

ಅಂತೂ ಮಧ್ಯಾಹ್ನದ ನಂತರ ನೆಲ ಮಾತಾಡಿತು. ಕಮಾನಿನ ಒಳಮೈ ಬೆಂದು ಗಾಜಿನಂತೆ ಮಿನುಗುತ್ತಿತ್ತು. ಅಷ್ಟು ಬಿಸಿ ಯಾವ ದೀಪಕ್ಕೂ ಧೂಪಕ್ಕೂ ಇರುವುದಿಲ್ಲ. ತಳದಲ್ಲಿ ಇದ್ದಿಲಿನ ಪದರ, ಅದರ ಮೇಲೆ ಕಲ್ಲಿನಂತೆ ಗಟ್ಟಿಯಾದ ಬಿಳಿ ಪದರ, ಆ ಬಿಳಿಯೊಳಗೆ ಅರ್ಧ ಸುಟ್ಟ ಮರುವಾಯಿ ಚಿಪ್ಪುಗಳು. ಬಾಟಲಿಯಿಂದ ಆಸಿಡ್‌ನ ಎರಡು ಹನಿ ಬಿಟ್ಟೆ. ಬುಸುಬುಸು ನೊರೆ ಎದ್ದಿತು.

ಅದು ಸುಣ್ಣದ ಗೂಡು. ಹೊಳೆಯಿಂದ ತೆಗೆದ ಚಿಪ್ಪನ್ನು ದೋಣಿಯಲ್ಲಿ ತಂದು, ಇದ್ದಿಲಿನ ಜೊತೆ ಒಟ್ಟಿ ಸುಟ್ಟು ಸುಣ್ಣ ಮಾಡುತ್ತಿದ್ದ ಗೂಡು. ಮೂರು ಬಾಗಿಲುಗಳು ಗಾಳಿ ಊದಲು ಮತ್ತು ಸುಣ್ಣ ಎಳೆಯಲು. ಇಷ್ಟು ದೊಡ್ಡದನ್ನು, ಇಷ್ಟು ಇಡಿಯಾಗಿ ಉಳಿದದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಈ ಊರಿನ ಹಳೆಯ ಗೋಡೆಗಳೆಲ್ಲ ನಿಂತಿರುವುದು ಇಂಥ ಗೂಡುಗಳ ಸುಣ್ಣದಿಂದ. ನಾನು ಅದರ ತಳದಲ್ಲಿ ಕೂತು ಬೆಂದ ಗೋಡೆಯ ಮೇಲೆ ಅಂಗೈ ಇಟ್ಟೆ. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷವಾದ ಗಳಿಗೆ ಇನ್ನೊಂದಿಲ್ಲ.

ಭಟ್ಟರಿಗೆ ಫೋನ್ ಮಾಡಿದೆ. "ಹೊರಗೆ ಯಾರಿಗೂ ಹೇಳಬೇಡಿ, ಬಂದೆ" ಎಂದರು. ಬಂದರು. ಬಂದು, ಕಾರಿನ ಬಾಗಿಲು ತೆರೆದು, ಪಂಚೆ ಎತ್ತಿ ಕಟ್ಟಿ, ಏಣಿಯಲ್ಲಿ ಗುಂಡಿಗೆ ಇಳಿದರು. ಬಿಳಿ ಪದರವನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ನೀವು ಹೇಳಿದ್ದು ಸರಿ. ಆದ್ರೆ ಇದನ್ನು ಇವತ್ತು ಹೇಳಿದ್ರೆ, ಈ ಗೂಡು ಮತ್ತೆ ಇರುವುದಿಲ್ಲ."

ನನಗೆ ಅರ್ಥವಾಗಲಿಲ್ಲ.

"ಈಗ ಇದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ ಹಿಲ್ಡಾ ಬಾಯಿ. ಯಾಕೆ? ದೇವರು ಇರಬಹುದು ಅಂತ. ಸುಣ್ಣದ ಗೂಡು ಅಂದ್ರೆ ಯಾರು ಕೇಳ್ತಾರೆ? ಇದು ಯಾವ ಪಟ್ಟಿಯಲ್ಲೂ ಇಲ್ಲ, ಯಾವ ಕಾನೂನೂ ಕಾಯುವುದಿಲ್ಲ. 'ಹೆಚ್ಚಿನ ಅಧ್ಯಯನ ಬೇಕು' ಅಂತ ಬರೆದುಬಿಡಿ. ಸುಳ್ಳಲ್ಲ. ಬೇಲಿ ಬೀಳ್ತದೆ. ಹತ್ತು ವರ್ಷ ಇದು ಹೀಗೇ ಇರ್ತದೆ."

ಇಡೀ ಜೀವನ ಕಾರಿನ ಕಿಟಕಿಯಿಂದ 'ಎಂತದ್ದೂ ಇಲ್ಲ' ಎಂದ ಮನುಷ್ಯ ಒಂದು ಗೋಡೆಯನ್ನು ಉಳಿಸಲು ಮಣ್ಣಿನಲ್ಲಿ ಕೂತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಗೂಡು ಉಳಿಯಬೇಕಿತ್ತು, ಅವರಿಗಿಂತ ಹೆಚ್ಚಾಗಿ. ಹೂಂ ಎನ್ನುವವಳಿದ್ದೆ. ಏಣಿ ಹತ್ತಿ ತಲೆ ಹೊರಗಿಟ್ಟಾಗ ಹೆದ್ದಾರಿಯ ಎರಡೂ ಬದಿಯ ಜನ ಬೆಳಿಗ್ಗೆಗಿಂತ ಎರಡು ಪಟ್ಟಾಗಿದ್ದರು. ಎದುರಿನ ಬೇಕರಿಯವರು ಶಟರನ್ನು ಅರ್ಧಕ್ಕೆ ಎಳೆದಿದ್ದರು. ಪಕ್ಕದ ಮೊಬೈಲ್ ಅಂಗಡಿಯವರು ಅದನ್ನು ನೋಡಿ ತಮ್ಮದನ್ನೂ ಎಳೆಯುತ್ತಿದ್ದರು. ಹಾಜಿಗಳೂ ಶೆಟ್ಟರೂ ಬೆಳಿಗ್ಗೆ ಒಂದೇ ಕೊಡೆಯ ಕೆಳಗೆ ನಿಂತವರು, ಈಗ ತಂತಮ್ಮ ಸಂಬಂಧಿಕರ ನಡುವೆ, ಬೇರೆ ಬೇರೆ ಬದಿಗಳಲ್ಲಿದ್ದರು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ಹತ್ತು ವರ್ಷ ಇವರು ಹೀಗೇ ನಿಲ್ಲಬೇಕಾ ಸರ್?" ಎಂದೆ.

ಭಟ್ಟರು ಕೆಳಗೆ ಪಂಚೆಯ ಮಣ್ಣು ಕೊಡವತೊಡಗಿದರು.

ಇನ್‌ಸ್ಪೆಕ್ಟರರ ಮೈಕಿನಲ್ಲಿ ನಾನೇ ಹೇಳಿದೆ. ಬೆಂದ ಕಲ್ಲು, ಇದ್ದಿಲು, ಚಿಪ್ಪು ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಎರಡೂ ಕಡೆಯವರಿಗೆ ತೋರಿಸಿದೆ. ಆಮೇಲೆ ಈಚೆಯಿಂದ ಒಬ್ಬರು, "ಸುಣ್ಣ ದೇವಸ್ಥಾನ ಕಟ್ಟಲಿಕ್ಕೆ ಹೋದದ್ದಲ್ವಾ?" ಎಂದರು. ಆಚೆಯಿಂದ, "ಮಸೀದಿಗೂ ಹೋಗಿರಬಹುದಲ್ಲ?" ಎಂದಿತು ಇನ್ನೊಂದು ದನಿ.

"ಎಲ್ಲದಕ್ಕೂ ಹೋಗಿದೆ, ಇಗರ್ಜಿಗೂ ಹೋಗಿದೆ" ಎಂದೆ. ಬೆಳಿಗ್ಗೆಯಿಂದ ಊಟವಿರಲಿಲ್ಲ, ಬಾಯಿ ತಡೆಯಲಿಲ್ಲ. "ಊರಿನ ಕಕ್ಕಸುಗಳಿಗೂ ಹೋಗಿದೆ."

ಯಾರೋ ಕಿಸಕ್ಕನೆ ನಕ್ಕರು. ಯಾವ ಕಡೆಯವರು ಎಂದು ತಿಳಿಯಲಿಲ್ಲ, ಆದರೆ ನಗು ರಸ್ತೆ ದಾಟಿತು. ಆಮೇಲೆ ಜನ ಕರಗಿದ ರೀತಿ ನೋಡಬೇಕಿತ್ತು. ಸಿನಿಮಾ ಚೆನ್ನಾಗಿಲ್ಲವೆಂದು ಅರ್ಧಕ್ಕೇ ಎದ್ದು ಬಂದವರ ಮುಖ ಎಲ್ಲರದ್ದೂ. ಹಸಿರು ಬಟ್ಟೆಯವರು ಅದನ್ನು ಮಡಚಿ ಬೈಕಿನ ಸೀಟಿನಡಿ ಇಟ್ಟರು. ಹಾರ ತಂದವರು ಅದನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ತಮ್ಮ ರಿಕ್ಷಾದ ಮುಂದುಗಡೆಗೆ ಕಟ್ಟಿಕೊಂಡು ಹೋದರು. ಬೇಕರಿಯ ಶಟರ್ ಮೇಲೇರಿತು.

ಗೂಡನ್ನು ಉಳಿಸಿಕೊಂಡೇ ಹಾಲ್ ಕಟ್ಟಬಹುದು, ನಕ್ಷೆಯನ್ನು ಹೊಳೆಯ ಕಡೆಗೆ ಸ್ವಲ್ಪ ಜರುಗಿಸಿದರೆ ಸಾಕು ಎಂದು ನಾನು ಬರೆದುಕೊಟ್ಟೆ, ಚಿತ್ರ ಬಿಡಿಸಿ ತೋರಿಸಿದೆ. ಇಬ್ಬರೂ ಬಹಳ ಮರ್ಯಾದೆಯಿಂದ ಕೇಳಿದರು. "ಖಂಡಿತ ಬಾಯಮ್ಮ" ಎಂದರು ಹಾಜಿಗಳು. "ಅದೆಂತ ದೊಡ್ಡ ವಿಷಯ" ಎಂದರು ಶೆಟ್ಟರು. ಭಟ್ಟರು ನನ್ನ ಮುಖ ನೋಡಿದರು.

ಮುಂದಿನ ವಾರ ಅಳತೆ ಪೂರ್ತಿ ಮಾಡಲು ಹೋದಾಗ ಗೂಡು ಇರಲಿಲ್ಲ. ಅಷ್ಟೂ ಜಾಗ ಕೇರಂ ಬೋರ್ಡಿನಂತೆ ಮಟ್ಟವಾಗಿತ್ತು. ಬೆಂದ ಕಲ್ಲುಗಳನ್ನು ಹೊಳೆಯ ಬದಿಯ ತಡೆಗೋಡೆಗೆ ತುಂಬಿಸಿದ್ದರು. ಇಬ್ಬರೂ ಪಾಲುದಾರರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತು, ಒಂದೇ ತಟ್ಟೆಯಿಂದ ಗೋಳಿಬಜೆ ತಿನ್ನುತ್ತಿದ್ದರು.

"ಜೆಸಿಬಿಯವನಿಗೆ ಗೊತ್ತಾಗಲಿಲ್ಲ ಬಾಯಮ್ಮ" ಎಂದರು ಶೆಟ್ಟರು.

"ಹೌದು, ಅವನಿಗೆ ಗೊತ್ತಾಗಲಿಲ್ಲ" ಎಂದರು ಹಾಜಿಗಳು.

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲಿ ಒಂದು ಗೋರಿಯೋ ಒಂದು ಲಿಂಗವೋ ಇದ್ದಿದ್ರೆ ಜೆಸಿಬಿಯವನಿಗೆ ಗೊತ್ತಾಗ್ತಿತ್ತು, ಅಲ್ವಾ?"

ಹಾಜಿಗಳು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಇಟ್ಟರು. ಅವರ ಮುಖದಲ್ಲಿ ನಟನೆ ಇರಲಿಲ್ಲ.

"ಗೊತ್ತಾಗ್ತಿತ್ತು. ಆದ್ರೆ ಆಗ ನಾನೂ ಶೆಟ್ರೂ ಹೀಗೆ ಕೂತು ತಿನ್ನುವುದು ಇರ್ತಿರಲಿಲ್ಲ. ಆವತ್ತು ನಾಲ್ಕು ಗಂಟೆ ಹೊತ್ತು ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಲಿಲ್ಲ ಬಾಯಮ್ಮ. ನನ್ನ ಜನ್ಮದಲ್ಲಿ ಅಂಥದ್ದು ಇಲ್ಲ. ಆ ಗೋಡೆ ಅಲ್ಲೇ ಇದ್ದಿದ್ರೆ ಇನ್ನು ಯಾವತ್ತಾದರೂ ಯಾರಾದರೂ ಬಂದು ಅದಕ್ಕೆ ಬೇರೆ ಹೆಸರಿಟ್ಟು ಹೋಗ್ತಿದ್ರು."

ಶೆಟ್ಟರು ಒಂದು ಕುರ್ಚಿ ಎಳೆದರು. "ಕೂತುಕೊಳ್ಳಿ. ಬಿಸಿ ಉಂಟು."

ನಾನು ಕೂರಲಿಲ್ಲ. ಅವರು ಮಾಡಿದ್ದು ತಪ್ಪು, ಅದನ್ನು ಅಲ್ಲೇ ಹೇಳಿದೆ, ವರದಿಯಲ್ಲೂ ಬರೆದೆ. ಆದರೆ ಆ ಎರಡು ಕುರ್ಚಿಗಳನ್ನು ನೆನೆದಾಗ ಸಿಟ್ಟು ಪೂರ್ತಿ ಬರುವುದಿಲ್ಲ. ಆಫೀಸಿಗೆ ಬಂದು ಭಟ್ಟರಿಗೆ ಹೇಳಿದೆ. "ನಾನು ಹೇಳಿರಲಿಲ್ಲವಾ?" ಎಂದು ಅವರು ಒಮ್ಮೆಯಾದರೂ ಅನ್ನಬಹುದೆಂದು ಕಾದೆ. ಅವರು ನನ್ನ ಅರ್ಧ ಅಳತೆಯ ಚಿತ್ರವನ್ನು ತೆಗೆದುಕೊಂಡು, ಬಹಳ ಹೊತ್ತು ನೋಡಿ, ಗಾಜು ಹಾಕಿಸಿ ತಮ್ಮ ಮೇಜಿನ ಎದುರು ತೂಗುಹಾಕಿದರು. ಟಾಂಕಿಯ ತಮಾಷೆ ಆಮೇಲೆ ಮಾಡಲಿಲ್ಲ.

ನಾನು ನಿವೃತ್ತಳಾದ ವರ್ಷ ನನ್ನ ತಂಗಿಯ ಮಗಳ ರೋಸ್ ನಡೆದದ್ದು ಅದೇ ಹಾಲ್‌ನಲ್ಲಿ. ಮದುವೆಯ ಮುಂಚಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ನಮ್ಮ ಶಾಸ್ತ್ರ ಅದು. ಹಾಲ್ ಚೆನ್ನಾಗಿ ನಡೆಯುತ್ತಿದೆ. ಊರಿನ ಎಲ್ಲ ಬಗೆಯ ಮದುವೆಗಳೂ ಅಲ್ಲಾಗುತ್ತವೆ. ಹಾಜಿಗಳ ಪಾಲಿದೆಯೆಂದು ಹಂದಿ ಇಲ್ಲ, ಶೆಟ್ಟರ ಪಾಲಿದೆಯೆಂದು ದನ ಇಲ್ಲ. ನಮ್ಮ ಕಡೆಯವರು ಗೊಣಗಿಕೊಂಡೇ ಇಡ್ಲಿಯಂಥ ಸಾನ್ನಾಕ್ಕೆ ಕೋಳಿ ಸಾರು ಹಾಕಿಕೊಂಡರು. ಲೆಕ್ಕ ಹಾಕಿ ನೋಡಿದರೆ ಗೂಡಿದ್ದ ಜಾಗದಲ್ಲಿ ಈಗ ಕೈ ತೊಳೆಯುವ ಬೇಸಿನ್‌ಗಳಿವೆ.

ಊಟಕ್ಕೆ ನನ್ನ ಪಕ್ಕದಲ್ಲಿ ಕೂತವರು ಹುಡುಗನ ಕಡೆಯ ಒಬ್ಬ ಹಿರಿಯ ಹೆಂಗಸು. ಮಾತುಗಾರ್ತಿ.

"ನಿಮಗೆ ಗೊತ್ತುಂಟಾ, ಈ ಹಾಲ್‌ನ ಅಡಿಯಲ್ಲಿ ಸುರಂಗ ಉಂಟು. ಪೋರ್ಚುಗೀಸರು ಮಾಡಿದ್ದು. ಇಲ್ಲಿಂದ ಸೀದಾ ಬಂದರಿಗೆ."

"ಹೌದಾ?"

"ಮತ್ತೆ! ಕಟ್ಟುವಾಗ ಸಿಕ್ಕಿತ್ತು. ಯಾರೋ ಒಬ್ಬಳು ಆಫೀಸರ್ ಬಂದು ಅದು ಸುಣ್ಣದ್ದು ಅಂತ ಸುಳ್ಳು ಹೇಳಿ ಮುಚ್ಚಿಸಿದಳಂತೆ. ನಮ್ಮವಳೇ ಅಂತೆ, ನಾಚಿಕೆ ಇಲ್ಲದವಳು."

ಮೂವತ್ತು ವರ್ಷದ ಅಭ್ಯಾಸ, ಸುಲಭಕ್ಕೆ ಬಿಡುವುದಿಲ್ಲ. "ಸುರಂಗ ಬಂದರಿನ ತನಕ ಹೋಗ್ತದೆ ಅಂತ ಅಳತೆ ಮಾಡಿದವರು ಯಾರು?" ಎಂದು ಕೇಳಿದೆ.

ಅವರು ಸಾನ್ನಾ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದರು.

"ಅಳತೆ ಎಂತಕ್ಕೆ ಮಾರಾಯ್ತಿ? ಎಲ್ಲರಿಗೂ ಗೊತ್ತುಂಟಲ್ಲ."